ಒಂದು ಟನ್ ಫರಸಿ ಎತ್ತುವ ಮಂತ್ರ

ಮಾಂತ್ರಿಕ ಲೋಕ ಕಟ್ಟುವ ಕಥೆಗಾರರು, ಗೇಮ್ ವಿನ್ಯಾಸಕರು ಮೊದಲು ಬರೆದಿಟ್ಟುಕೊಳ್ಳಬೇಕಾದದ್ದು ಒಂದೇ: ಇಲ್ಲಿ ಮಂತ್ರ ಭೌತವಿಜ್ಞಾನದ ಯಾವ ನಿಯಮವನ್ನು ಮುರಿಯುತ್ತದೆ? ‘ಮುಟ್ಟದೆ ಬಲ ಹಾಕಬಹುದು’ ಎಂಬಷ್ಟು ರಿಯಾಯಿತಿ ಸಾಕು. ಶಕ್ತಿ ಎಲ್ಲಿಂದ ಬಂತು, ಭಾರ ಯಾರ ಮೇಲೆ ಬಿತ್ತು, ಬಿಸಿ ಎಲ್ಲಿಗೆ ಹೋಯಿತು, ಈ ಲೆಕ್ಕಗಳನ್ನು ಬಿಡಬಾರದು.

ಶಹಾಬಾದಿನ ಗಣಿಯಲ್ಲಿ ಮಾಂತ್ರಿಕನೊಬ್ಬ ನೆಲಕ್ಕೆ ಹಾಸುವ ಫರಸಿ ಕಲ್ಲನ್ನು, ಒಂದು ಟನ್ ತೂಕದ್ದನ್ನು, 10 ಮೀಟರ್ ಎತ್ತುತ್ತಾನೆ ಅನ್ನಿ. 1000 ಕಿಲೋ, ಗುರುತ್ವ 9.8, ಎತ್ತರ 10, ಗುಣಿಸಿದರೆ 98 ಕಿಲೋಜೂಲ್. ಅಂದರೆ ಬರೀ 23 ಕಿಲೋಕ್ಯಾಲರಿ. ಒಂದು ಜೋಳದ ರೊಟ್ಟಿಯಲ್ಲಿ ಇದರ ಹಲವು ಪಟ್ಟು ಶಕ್ತಿ ಇದೆ. ಅದೇ ಮಾಂತ್ರಿಕ ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತಂದರೆ 293 ಕಿಲೋಜೂಲ್ ಬೇಕು, ಸರಿಸುಮಾರು ಮೂರು ಪಟ್ಟು! ಕಥೆಗಳಲ್ಲಿ ಬಹುಮಟ್ಟಿಗೆ ಇದು ತಲೆಕೆಳಗು: ಇಂಧನವಿಲ್ಲದೆ ಬೆಂಕಿ ಎಸೆಯುವುದು ಶಿಷ್ಯರ ಮೊದಲ ಪಾಠ, ಬಂಡೆ ಎತ್ತುವುದು ಗುರುಗಳ ಸಿದ್ಧಿ.

ಆದ್ದರಿಂದ ಮಂತ್ರಕ್ಕೆ ಮಿತಿ ಹಾಕಬೇಕಾದದ್ದು ಶಕ್ತಿಯ ಮೊತ್ತದ ಮೇಲಲ್ಲ, ಅದನ್ನು ಖರ್ಚು ಮಾಡುವ ವೇಗದ ಮೇಲೆ. ದಿನವಿಡೀ ದುಡಿಯುವ ಗಟ್ಟಿ ಆಳು ಕೊಡುವುದು ಸುಮಾರು 75 ವಾಟ್, ಅಂದರೆ ಸೆಕೆಂಡಿಗೆ 75 ಜೂಲ್. ಮಾಂತ್ರಿಕನಿಗೂ ಅಷ್ಟೇ ಕೊಟ್ಟರೆ ಕಲ್ಲು ಮೇಲೇರಲು 22 ನಿಮಿಷ. ಒಂದೇ ಸೆಕೆಂಡಿನಲ್ಲಿ ಏರಬೇಕಾದರೆ 98 ಕಿಲೋವಾಟ್, ಹೆಚ್ಚುಕಡಿಮೆ 45 ಅಶ್ವಶಕ್ತಿಯ ಮೂರು ಟ್ರ್ಯಾಕ್ಟರ್. ಆ 22 ನಿಮಿಷವೇ ಕಥೆಗೆ ಬೇಕಾದ ಬಿಗಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಷ್ಟರಲ್ಲಿ ವೈರಿ ಬರಬಹುದು, ಮಳೆ ಬರಬಹುದು.

ಇನ್ನು ಭಾರ. ಕಲ್ಲನ್ನು ಮೇಲೆ ತಳ್ಳುವ 9800 ನ್ಯೂಟನ್ ಅಷ್ಟೇ ಜೋರಾಗಿ ಕೆಳಗೂ ಒತ್ತುತ್ತದೆ. ಅದು ಮಾಂತ್ರಿಕನ ದೇಹದ ಮೇಲೆ ಬಿದ್ದರೆ ಬೆನ್ನು ತಡೆಯುವುದಿಲ್ಲ. ಮಂತ್ರದ ಆಧಾರ ನೆಲದಲ್ಲಿರಲಿ. ಆಗ ಭೂಗೋಳಕ್ಕೂ ಕೆಲಸ ಸಿಗುತ್ತದೆ: ಯಾದಗಿರಿಯ ಗ್ರಾನೈಟ್ ಗುಡ್ಡದ ಮೇಲೆ ಸಲೀಸಾಗಿ ನಡೆಯುವ ಮಂತ್ರ, ಮಳೆಗಾಲದ ಎರೆಭೂಮಿಯಲ್ಲಿ ನೆಲವನ್ನೇ ಕುಸಿಸುತ್ತದೆ.

ಬಿಸಿಯ ಲೆಕ್ಕವನ್ನು ಮರೆಯುವವರೇ ಹೆಚ್ಚು. ಸ್ನಾಯುಗಳಂತೆ ಮಂತ್ರದ ದಕ್ಷತೆಯೂ ಶೇ. 25 ಎಂದಿಟ್ಟರೆ, 98 ಕಿಲೋಜೂಲ್ ಕೆಲಸಕ್ಕೆ 294 ಕಿಲೋಜೂಲ್ ಬಿಸಿ ಮೈಯಲ್ಲಿ ಉಳಿಯುತ್ತದೆ. 70 ಕಿಲೋ ತೂಕದ ದೇಹದ ತಾಪ ಇದರಿಂದ ಸುಮಾರು 1.2 ಡಿಗ್ರಿ ಏರುತ್ತದೆ. ನಿಧಾನವಾಗಿ ಎತ್ತಿದರೆ 120 ಮಿಲಿಲೀಟರ್ ಬೆವರು ಆರಿ ಈ ಬಿಸಿ ಹೋಗುತ್ತದೆ. ಅವಸರದಲ್ಲಿ ಸಾಲಾಗಿ ನಾಲ್ಕು ಕಲ್ಲು ಎತ್ತಿದವನ ಮೈ 42 ಡಿಗ್ರಿ ಸಮೀಪಿಸುತ್ತದೆ, ಜೀವಕ್ಕೇ ಅಪಾಯ. ಕಲಬುರಗಿಯ ಮೇ ತಿಂಗಳಲ್ಲಿ ಗಾಳಿಯೇ ಚರ್ಮಕ್ಕಿಂತ ಬಿಸಿ, ಬೆವರೊಂದೇ ದಾರಿ. ಹಾಗಾಗಿ ಇಂಥ ಲೋಕದ ಮಾಂತ್ರಿಕರು ನಸುಕಿನಲ್ಲಿ ಕೆಲಸ ಹಿಡಿದು, ಪಕ್ಕದಲ್ಲಿ ನೀರಿನ ಕೊಡ ಇಟ್ಟುಕೊಳ್ಳುತ್ತಾರೆ. ಇಂಥ ರೂಢಿಗಳನ್ನು ಲೇಖಕ ಹೊಸದಾಗಿ ಹುಟ್ಟಿಸಬೇಕಿಲ್ಲ, ಲೆಕ್ಕವೇ ಕೊಡುತ್ತದೆ.

ಕೊನೆಗೆ ಇಡೀ ಊರಿನ ಮೇಲೆ ಪರೀಕ್ಷೆ ನಡೆಸಿ. ಬೀದರಿನಲ್ಲಿ ಬಹಮನಿ ಕಾಲದ ಸುರಂಗ ಬಾವಿಗಳಿವೆ; ನೆಲದಡಿಯ ಇಳಿಜಾರಿನಲ್ಲಿ ನೀರು ತಾನಾಗಿ ಹರಿಯುವ ಏರ್ಪಾಡು. ನಿಮ್ಮ ನಕ್ಷೆಯಲ್ಲೂ ಅಂಥದ್ದೊಂದು ಇದ್ದರೆ, ಮಂತ್ರ ಗೊತ್ತಿದ್ದ ಜನ ಅದನ್ನು ಏಕೆ ತೋಡಿದರು? ಸಾವಿರ ಜನರಿಗೆ ತಲಾ 40 ಲೀಟರ್‌ನಂತೆ 40,000 ಲೀಟರ್ ನೀರನ್ನು 15 ಮೀಟರ್ ಎತ್ತಲು 5,880 ಕಿಲೋಜೂಲ್ ಬೇಕು. 75 ವಾಟಿನ ಮಾಂತ್ರಿಕನಿಗೆ ಸುಮಾರು 22 ಗಂಟೆ. ಒಂದು ಜೋಡಿ ಎತ್ತು ಅದಕ್ಕಿಂತ ಎಷ್ಟೋ ಬೇಗ ಮುಗಿಸುತ್ತವೆ. ಹೀಗಿದ್ದರೆ ಸುರಂಗ ತೋಡಿದ್ದು ನ್ಯಾಯ. ಮಿತಿಯನ್ನು 10 ಕಿಲೋವಾಟಿಗೆ ಏರಿಸಿದಿರೋ, ಇಡೀ ಊರಿನ ನೀರು ಹತ್ತು ನಿಮಿಷದ ಕೆಲಸ. ಆಗ ಸುರಂಗ ಬಾವಿಯನ್ನೂ ತೋಡುವವರನ್ನೂ ನಕ್ಷೆಯಿಂದ ತೆಗೆಯಬೇಕು, ಇಲ್ಲವೇ ವಾಟ್ ಇಳಿಸಬೇಕು. ‘ಮಂತ್ರ ಘನವಸ್ತುವಿಗೆ ಮಾತ್ರ’ ಎಂಬ ತೇಪೆ ಇಲ್ಲಿ ನಿಲ್ಲದು; ಆಡುವ ಹುಡುಗರು ಮೊದಲ ದಿನವೇ ನೀರು ತುಂಬಿದ ಕೊಡವನ್ನು ಎತ್ತುತ್ತಾರೆ.