ಪ್ರೋಬ್ ಕೊಡುವುದು ಕರೆಂಟು, ಸಾಂದ್ರತೆ ಅಲ್ಲ

ಧಾರವಾಡದ ಪ್ರಾಜೆಕ್ಟ್ ವರದಿಗಳಲ್ಲಿ ಮತ್ತೆ ಮತ್ತೆ ಅದೇ ಚಿತ್ರ. ಟೋಕಮಾಕ್ (ಬಿಸಿ ಪ್ಲಾಸ್ಮಾವನ್ನು, ಅಂದರೆ ಅಯಾನು-ಇಲೆಕ್ಟ್ರಾನುಗಳ ಅನಿಲವನ್ನು, ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಯಂತ್ರ) ಅಂಚಿನ ಲ್ಯಾಂಗ್ಮುಯರ್ ಪ್ರೋಬಿನ, ಅಂದರೆ ಪ್ಲಾಸ್ಮಾದೊಳಗೆ ಇಳಿಸಿದ ಸಣ್ಣ ವಾಹಕ ತುದಿಯ, ಅಯಾನ್ ಸ್ಯಾಚುರೇಶನ್ ಕರೆಂಟು (ಇಲೆಕ್ಟ್ರಾನುಗಳನ್ನು ತಡೆದು ಅಯಾನುಗಳನ್ನಷ್ಟೇ ಹಿಡಿದಾಗ ಬರುವ ಕರೆಂಟು), ಅದರ ಮೇಲೆ ಸಿಮ್ಯುಲೇಶನ್ನಿನ ಪ್ಲಾಸ್ಮಾ ಸಾಂದ್ರತೆ, ಕೆಳಗೆ ‘ಹೊಂದಿಕೆ ಚೆನ್ನಾಗಿದೆ’ ಎಂಬ ಸಾಲು. ವಿದ್ಯಾರ್ಥಿಗಳನ್ನು ಕೇಳಿದರೆ, “ಆಕಾರ ಕೂಡೇತಲ್ರೀ ಸರ್!”

ಕೂಡಿದೆ, ನಿಜ. ಆದರೆ ಹುಬ್ಬಳ್ಳಿ ಎಪಿಎಂಸಿಯಲ್ಲಿ ಕೈಗೆ ಬಂದ ರೊಕ್ಕ ನೋಡಿ ಜೋಳದ ತೂಕ ಹೇಳಲಾದೀತೇ? ನಡುವೆ ದರ ಇದೆ. ಇಲ್ಲಿ ಆ ದರವೇ ತಾಪಮಾನ. ಕರೆಂಟು ಸಾಂದ್ರತೆಯ ಜೊತೆಗೆ ತಾಪದ ವರ್ಗಮೂಲಕ್ಕೂ ಅನುಪಾತದಲ್ಲಿರುತ್ತದೆ. ಹೊರಗೆ ಚಿಮ್ಮುವ ಒಂದು ಪ್ಲಾಸ್ಮಾ ಮುದ್ದೆಯಲ್ಲಿ ಸಾಂದ್ರತೆ ದುಪ್ಪಟ್ಟಾಗಿ, ತಾಪ 10ರಿಂದ 20 ಇಲೆಕ್ಟ್ರಾನ್ ವೋಲ್ಟಿಗೆ (ಪ್ಲಾಸ್ಮಾದ ತಾಪ ಅಳೆಯುವ ಮಾನ) ಏರಿತೆನ್ನಿ, ಕರೆಂಟು 2.8 ಪಟ್ಟಾಗುತ್ತದೆ. ಅದನ್ನೇ ಸಾಂದ್ರತೆ ಎಂದು ಓದಿದರೆ ತಪ್ಪು ಶೇ 40. ಅಯಾನ್ ತಾಪ ಅಳೆಯದಿದ್ದರೆ ಅನುಮಾನ ಇನ್ನೂ ದೊಡ್ಡದು.

ತೇಲುವ ವಿಭವದ್ದು, ಅಂದರೆ ಪ್ರೋಬಿಗೆ ನಿವ್ವಳ ಕರೆಂಟು ಬಾರದಿರುವಾಗ ಅದು ನಿಲ್ಲುವ ವೋಲ್ಟೇಜಿನದು, ಇನ್ನೂ ಕೆಟ್ಟ ಕಥೆ. ಅದು ಪ್ಲಾಸ್ಮಾದ ನಿಜ ವಿಭವಕ್ಕಿಂತ, ಇಲೆಕ್ಟ್ರಾನ್ ವೋಲ್ಟಿನಲ್ಲಿ ಅಳೆದ ತಾಪದ ಸುಮಾರು ಮೂರು ಪಟ್ಟು ವೋಲ್ಟಿನಷ್ಟು ಕೆಳಗಿರುತ್ತದೆ. 5 ಮಿಲಿಮೀಟರ್ ದೂರದ ಎರಡು ತುದಿಗಳ ನಡುವೆ ತಾಪ 5 ಇಲೆಕ್ಟ್ರಾನ್ ವೋಲ್ಟ್ ಬೇರೆಯಾದರೆ ಸಾಕು, 15 ವೋಲ್ಟಿನ ಸುಳ್ಳು ಅಂತರ ಹುಟ್ಟುತ್ತದೆ. ಎಂದರೆ ಮೀಟರಿಗೆ 3,000 ವೋಲ್ಟ್. ಈ ವಿದ್ಯುತ್ ಕ್ಷೇತ್ರವನ್ನು ಕಾಂತಕ್ಷೇತ್ರದಿಂದ ಭಾಗಿಸಿದರೆ ಪ್ಲಾಸ್ಮಾ ಸರಿಯುವ ವೇಗ ಬರುತ್ತದೆ: 1 ಟೆಸ್ಲಾದಲ್ಲಿ ಸೆಕೆಂಡಿಗೆ 3 ಕಿಲೋಮೀಟರ್. ನಿಜವಾದ ಮುದ್ದೆಗಳೇ ಸಾಮಾನ್ಯವಾಗಿ ಅಷ್ಟು ಓಡುವುದಿಲ್ಲ!

ಆದ್ದರಿಂದ ಪ್ರೋಬನ್ನು ಸಿಮ್ಯುಲೇಶನ್ನಿನೊಳಗೇ ಇಳಿಸಿ. ಪ್ರೋಬ್ ಇರುವ ಜಾಗದಲ್ಲಿ ಸಾಂದ್ರತೆ, ತಾಪ, ವಿಭವ ಮೂರನ್ನೂ 1 ಮೈಕ್ರೊಸೆಕೆಂಡಿಗೊಮ್ಮೆ ಉಳಿಸಿ. ಜಾಗ ಉಳಿಸಲೆಂದು 50 ಮೈಕ್ರೊಸೆಕೆಂಡಿಗೊಮ್ಮೆ ಬರೆದರೆ ಮುದ್ದೆಗಳು ನಡುವೆಯೇ ಹಾದುಹೋಗುತ್ತವೆ. ಮೂರನ್ನೂ ಸೇರಿಸಿ ಕರೆಂಟು ಕಟ್ಟಿ, ತುದಿಯ ಅಗಲದ ಮೇಲೆ ಸರಾಸರಿ ಮಾಡಿ, ಆ್ಯಂಪ್ಲಿಫೈಯರಿನ ಬ್ಯಾಂಡ್‌ವಿಡ್ತಿಗೆ ತಕ್ಕಂತೆ ಫಿಲ್ಟರ್ ಹಾಕಿ. ಆಮೇಲೆ ಸರಾಸರಿ ಅಷ್ಟೇ ಅಲ್ಲ, ಸ್ಕ್ಯೂನೆಸ್ಸನ್ನೂ (ಏರಿಳಿತ ಒಂದೇ ಕಡೆಗೆ ಎಷ್ಟು ವಾಲಿದೆ ಎಂಬ ಅಳತೆ) ಹೋಲಿಸಿ. ಗಾಂಧಿನಗರದ ಆದಿತ್ಯ ಟೋಕಮಾಕಿನ ಅಂಚಿನಲ್ಲಿ ಏರಿಳಿತ ಬಿಟ್ಟುಬಿಟ್ಟು ಸಿಡಿಯುತ್ತದೆಂದು 1992ರಲ್ಲೇ ವರದಿಯಾಗಿದೆ. ಸರಾಸರಿಯಲ್ಲಿ ಆ ಸಿಡಿತ ಕಾಣುವುದಿಲ್ಲ.

ಪ್ರೋಬ್ ಕಡೆಯೂ ತಂಟೆ ಇದೆ. ತುದಿ ಸವೆದರೆ ವಿಸ್ತೀರ್ಣ ಕಡಿಮೆಯಾಗಿ, ಪ್ಲಾಸ್ಮಾ ತೆಳುವಾದಂತೆ ಕಾಣುತ್ತದೆ. ಪ್ರೋಬಿಗೆ ಕೊಟ್ಟ ಋಣ ವೋಲ್ಟೇಜು (ಬಯಾಸ್) ಸಾಲದಿದ್ದರೆ ಬಿಸಿ ಮುದ್ದೆ ಬಂದಾಗ ಇಲೆಕ್ಟ್ರಾನುಗಳು ನುಗ್ಗಿ ಶಿಖರ ಕುಗ್ಗುತ್ತದೆ. ತುದಿಯ ಅಳತೆ, ಬಯಾಸ್ ಎರಡನ್ನೂ ಚಿತ್ರದ ಕೆಳಗೇ ಬರೆಯಿರಪ್ಪಾ, ಅನುಬಂಧದಲ್ಲಿ ಹುಡುಕಿಸಬೇಡಿ.