ಉಳಿ ಹಿಡಿದ ಕೈ, ಎರಡೂ ಕಡೆ ದುಡಿಯುವ ಮಿದುಳು

ಬೀದರ್‌ನ ಚೌಬಾರದ ಆಸುಪಾಸಿನ ಓಣಿಯೊಂದರಲ್ಲಿ ಬಿದ್ರಿ ಕೆಲಸದ ಹಿರಿಯರೊಬ್ಬರು ಹೂಜಿಯ ಮೇಲೆ ಬಳ್ಳಿಯ ಗೆರೆ ಕೊರೆಯುವುದನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ಮೈಲುತುತ್ತದ ನೀರು ಸವರಿ ಕಪ್ಪಾಗಿಸಿದ ಸತು-ತಾಮ್ರದ ಎರಕದಲ್ಲಿ ಉಳಿ ಸಾಗಿದ ದಾರಿಯಷ್ಟೇ ಬೆಳ್ಳಗೆ ಮಿನುಗುತ್ತಿತ್ತು. ಪಕ್ಕದ ಹುಡುಗ ಹರಟೆ ಹೊಡೆಯುತ್ತಲೇ ಕೆತ್ತುತ್ತಿದ್ದ. ಹಿರಿಯರು ಮಾತ್ರ ನಾನೇನಾದರೂ ಕೇಳಿದರೆ ಉಳಿಯನ್ನು ಎತ್ತಿ ಹಿಡಿದು, ಉತ್ತರ ಹೇಳಿ ಮುಗಿಸಿ, ಮತ್ತೆ ಗೆರೆಗೆ ಮರಳುತ್ತಿದ್ದರು. “ಕೈ ಇನ್ನಾ ಛಲೋ ಅದಾವ್ರಿ, ಆದ್ರ ಈಗ ಮಾತಾಡ್ಕೋತ ಕೆತ್ಲಕ್ ಬರಲ್ರಿ” ಎಂದರು. ಅವರ ಗೆರೆಯಲ್ಲಿ ಎಲ್ಲಿಯೂ ಅಳುಕಿರಲಿಲ್ಲ.

ಇದು ಕಾಯಿಲೆಯಲ್ಲ, ಸಹಜ ಮುಪ್ಪು. ಬಲಗೈ ನಮ್ಮ ಇಚ್ಛೆಯಂತೆ ಆಡಬೇಕಾದರೆ ಆಜ್ಞೆ ಮುಖ್ಯವಾಗಿ ಮಿದುಳಿನ ಎಡ ಅರೆಗೋಳದ ಚಲನಾ ಪ್ರದೇಶದಿಂದ ಹೊರಡುತ್ತದೆ. ಆ ಹೊತ್ತಿನಲ್ಲಿ ಬಲ ಅರೆಗೋಳದ ಅದೇ ಭಾಗ ಸುಮ್ಮನಿರಬೇಕು; ಎರಡನ್ನೂ ಬೆಸೆಯುವ ಸುಮಾರು 20 ಕೋಟಿ ನರತಂತುಗಳ ಪಟ್ಟಿಯ ಮೂಲಕ ದುಡಿಯುವ ಕಡೆಯೇ ಇನ್ನೊಂದನ್ನು ತಡೆದು ಹಿಡಿಯುತ್ತದೆ. ವಯಸ್ಸಾದಂತೆ ಈ ತಡೆ ಸಡಿಲವಾಗುತ್ತದೆ. ಲಂಡನ್ನಿನಲ್ಲಿ ವಾರ್ಡ್ ಮತ್ತು ಫ್ರಾಕೊವಿಯಾಕ್ ಎಂಬ ವಿಜ್ಞಾನಿಗಳು ಬೇರೆ ಬೇರೆ ವಯಸ್ಸಿನವರನ್ನು, ಮಿದುಳಿನ ಯಾವ ಭಾಗ ದುಡಿಯುತ್ತಿದೆ ಎಂದು ತೋರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಪ್ರತಿಯೊಬ್ಬರಿಗೂ ಅವರವರ ಶಕ್ತಿಗೆ ತಕ್ಕಷ್ಟೇ ಬಲ ಹಾಕಿ ಹಿಡಿಕೆಯೊಂದನ್ನು ಹಿಸುಕಲು ಹೇಳಿದ್ದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಅದೇ ಕೆಲಸಕ್ಕೆ ಹಿರಿಯರ ಮಿದುಳು ಹೆಚ್ಚು ಭಾಗಗಳನ್ನು ದುಡಿಸಿಕೊಳ್ಳುವುದು ಕಂಡುಬಂತು.

ಈ ಹೆಚ್ಚುವರಿ ದುಡಿಮೆ ಕೊರತೆ ತುಂಬುವ ಉಪಾಯವೋ, ಹಿಡಿತ ತಪ್ಪಿದ್ದರ ಗುರುತೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಎರಡೂ ಸೇರಿವೆ ಎಂದೇ ನನಗೆ ತೋರುತ್ತದೆ, ಏಕೆಂದರೆ ಕೆಳಗೆ ಸ್ನಾಯುವಿನ ಮಟ್ಟದಲ್ಲಿಯೂ ಕೆಲಸ ಕಠಿಣವಾಗಿರುತ್ತದೆ. ಬೆನ್ನುಹುರಿಯ ಚಲನಾ ನರಕೋಶಗಳು ವಯಸ್ಸಿನೊಂದಿಗೆ ಕಡಿಮೆಯಾಗುತ್ತವೆ. ಅನಾಥವಾದ ಸ್ನಾಯುತಂತುಗಳಲ್ಲಿ ಕೆಲವನ್ನು ಉಳಿದ ನರಕೋಶಗಳು ತಮ್ಮವನ್ನಾಗಿ ಮಾಡಿಕೊಳ್ಳುತ್ತವೆ. ಹಾಗಾಗಿ ಒಂದು ನರಕೋಶ ಕೆರಳಿದರೆ ಮೊದಲಿಗಿಂತ ಹೆಚ್ಚು ತಂತುಗಳು ಒಟ್ಟಿಗೆ ಬಿಗಿಯುತ್ತವೆ. ಒಂದು ಗ್ರಾಂ, ಎರಡು ಗ್ರಾಂ ಬಟ್ಟುಗಳು ಕಳೆದುಹೋಗಿ ಹತ್ತು ಗ್ರಾಮಿನವು ಮಾತ್ರ ಉಳಿದಿರುವ ತಕ್ಕಡಿಯಲ್ಲಿ ಬೆಳ್ಳಿ ತಂತಿ ತೂಗುವವನ ಪಾಡು ಮಿದುಳಿನದು: ಭಾರ ಎತ್ತಲು ಅಷ್ಟು ತೊಂದರೆಯಿಲ್ಲದಿದ್ದರೂ ಉಳಿಯ ಮೇಲಿನ ಹಗುರ ಒತ್ತಡವನ್ನು ಅಲುಗದಂತೆ ಕಾಯಲು ಎಡೆಬಿಡದ ನಿಗಾ ಬೇಕು.

ಆ ನಿಗಾ ಬಹುಮಟ್ಟಿಗೆ ಹಣೆಯ ಹಿಂದಿನ ಭಾಗದಿಂದ ಬರುತ್ತದೆ. ಮಾತನ್ನು ಹೊಂದಿಸುವುದಕ್ಕೂ ಅದೇ ಬೇಕು. ನಡಿಗೆಗೂ ಇದು ಅನ್ವಯಿಸುತ್ತದೆ. ಮಾತಿಗೆಳೆದಾಗ ನಡಿಗೆ ನಿಲ್ಲಿಸುವ ವೃದ್ಧರು ಮುಂದೆ ಬೀಳುವ ಸಂಭವ ಹೆಚ್ಚೆಂದು ಸ್ವೀಡನ್ನಿನ ಸಂಶೋಧಕರು 1997ರಲ್ಲಿಯೇ ತೋರಿಸಿದ್ದಾರೆ. ಅಜ್ಜ ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೂಗಿ ಪ್ರಶ್ನೆ ಕೇಳುವ ನಮ್ಮ ಅಭ್ಯಾಸ ಅವರ ಮಿದುಳಿಗೆ ಎಷ್ಟು ದುಬಾರಿ ಎಂಬುದು ನಮಗೆ ಹೊಳೆಯುವುದೇ ಇಲ್ಲ.

ಕೊರೆದ ಗೆರೆಯೊಳಗೆ ಹಿರಿಯರು ಬೆಳ್ಳಿ ತಂತಿ ಕೂರಿಸತೊಡಗಿದರು. ನಾಲಿಗೆಯ ತುದಿಗೆ ಬಂದಿದ್ದ ಮುಂದಿನ ಪ್ರಶ್ನೆಯನ್ನು ತಡೆದುಕೊಂಡು, ಸುತ್ತಿಗೆ ನಿಲ್ಲುವವರೆಗೆ ನಾನು ಕಾದೆ.