ಮೊಡವೆಗೆ ಎರಡು ತಿಂಗಳ ಲೆಕ್ಕ

ಕೆನ್ನೆಯ ಮೇಲೆ ಇವತ್ತು ಬೆಳಗ್ಗೆ ಕಂಡ ಮೊಡವೆ ಹುಟ್ಟಿ ಆಗಲೇ ಸುಮಾರು ಎರಡು ತಿಂಗಳಾಗಿರುತ್ತದೆ. ಕೂದಲಿನ ಬುಡದ ಸಣ್ಣ ಕೊಳವೆಯೊಳಗೆ ಮೊದಲ ತಡೆ ಕಟ್ಟಿಕೊಂಡು, ಅದು ಕಣ್ಣಿಗೆ ಕಾಣುವ ಗುಳ್ಳೆಯಾಗಲು ಎಂಟು ವಾರದಷ್ಟು ಸಮಯ ಹಿಡಿಯುತ್ತದೆ. ಮೇ ಕೊನೆಯ ಅಡ್ಡಮಳೆ ಬೀಳುವಾಗ ಧಾರವಾಡದ ಪಿಯುಸಿ ಹುಡುಗಿಯ ಹಣೆಯ ಮೇಲೆ ಎದ್ದ ಸಾಲು, ಯುಗಾದಿಯ ಬಿಸಿಲಿನಲ್ಲೇ ಒಳಗೊಳಗೆ ಶುರುವಾಗಿತ್ತು. ನಿನ್ನೆ ಸಂಜೆ ತಿಂದ ಮಿರ್ಚಿಯನ್ನು ಬೈದು ಉಪಯೋಗವಿಲ್ಲ. ಇವತ್ತು ರಾತ್ರಿ ಹಚ್ಚಿದ ಮುಲಾಮು ನಾಳೆ ಬೆಳಗ್ಗೆ ಕೆಲಸ ತೋರಿಸಲಿಲ್ಲವೆಂದು ಬಿಸಾಡುವುದೂ ಸರಿಯಲ್ಲ. ಮೊಡವೆಯ ವಿಷಯದಲ್ಲಿ ನಮ್ಮ ಮಕ್ಕಳು ಪಡುವ ಪಾಡಿನಲ್ಲಿ ಬಹುಪಾಲು ಈ ಲೆಕ್ಕ ಗೊತ್ತಿಲ್ಲದ್ದರಿಂದಲೇ ಬರುತ್ತದೆ ಎಂದು ನನಗೆ ಅನಿಸುತ್ತದೆ.

ಒಳಗೆ ನಡೆಯುವುದು ಇಷ್ಟು. ಮುಖದ ಒಂದು ಚದರ ಸೆಂಟಿಮೀಟರ್ ಚರ್ಮದಲ್ಲಿ 400ರಿಂದ 900ರವರೆಗೆ ಎಣ್ಣೆಗ್ರಂಥಿಗಳಿರುತ್ತವೆ. ಹರೆಯ ಬಂದಾಗ, ಗಂಡು ಹಾರ್ಮೋನುಗಳೆಂದು ಕರೆಯುವ ಆಂಡ್ರೋಜೆನ್‌ಗಳು ಅವನ್ನು ಹಿಗ್ಗಿಸುತ್ತವೆ. ಹುಡುಗರಲ್ಲಷ್ಟೇ ಅಲ್ಲ, ಹುಡುಗಿಯರಲ್ಲೂ. ಎಣ್ಣೆ ಹೊರಗೆ ಬರುವ ಕೊಳವೆಯ ಒಳಗೋಡೆಯಿಂದ ಸತ್ತ ಜೀವಕೋಶಗಳು ಸದಾ ಉದುರುತ್ತಿರುತ್ತವೆ. ಮೊಡವೆ ಬರುವ ಚರ್ಮದಲ್ಲಿ ಅವು ಬಿಡಿಬಿಡಿಯಾಗಿ ಉದುರದೆ ಒಂದಕ್ಕೊಂದು ಅಂಟಿಕೊಂಡು ಬಾಯಿ ಮುಚ್ಚುತ್ತವೆ. ಹಿಂದೆ ಎಣ್ಣೆ ನಿಲ್ಲುತ್ತದೆ. ಗಾಳಿಯಾಡದ ಆ ಜಾಗದಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. 2016ರವರೆಗೆ ಇದಕ್ಕೆ ಪ್ರೊಪಿಯೋನಿಬ್ಯಾಕ್ಟೀರಿಯಂ ಎಂಬ ಹೆಸರಿತ್ತು. ಎಲ್ಲರ ಚರ್ಮದಲ್ಲೂ ವಾಸಿಸುವ ಜೀವಿಯೇ ಇದು. ಅದಕ್ಕೆ ಎದುರಾಗಿ ದೇಹದ ರಕ್ಷಣಾ ವ್ಯವಸ್ಥೆ ಕೆರಳಿದಾಗ ಜಾಗ ಕೆಂಪಾಗುತ್ತದೆ, ಊದುತ್ತದೆ, ಕೀವಾಗುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕೆಗಳು ಸಹ ಹೊಲಸಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮತ್ತು ಗಾಳಿ ತಗುಲಿ ಬಣ್ಣಗೆಟ್ಟ ಎಣ್ಣೆ ಸೇರಿ ಕಪ್ಪಾಗಿ ಕಾಣುತ್ತವೆ. ಎಷ್ಟು ಉಜ್ಜಿದರೂ ಅವು ಹೋಗದಿರುವುದು ಅದಕ್ಕೇ.

ಮನೆಯ ಹಿರಿಯರು "ಮೈಗೆ ಉಷ್ಣ ಆಗೇತಿ, ಅದಕ್ಕ ಎದ್ದಾವ" ಎನ್ನುತ್ತಾರೆ. ಇದನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಚರ್ಮದ ಉಷ್ಣತೆ ಒಂದು ಡಿಗ್ರಿ ಏರಿದರೆ ಹೊರಬರುವ ಎಣ್ಣೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆಂದು ಅಳೆದು ನೋಡಿದ್ದಾರೆ. ಬಿಸಿಗೆ ಎಣ್ಣೆ ತೆಳ್ಳಗಾಗಿ ಬೇಗ ಹರಡುತ್ತದೆ, ಮುಖ ಜಿಡ್ಡಾಗುತ್ತದೆ. ಅದರ ಮೇಲೆ ಬೆವರು. ಆರದ ಬೆವರಿನಲ್ಲಿ ಚರ್ಮದ ಮೇಲ್ಪದರ ನೀರು ಹೀರಿ ಉಬ್ಬುತ್ತದೆ, ಮೊದಲೇ ಇಕ್ಕಟ್ಟಾದ ಕೊಳವೆಯ ಬಾಯಿ ಇನ್ನಷ್ಟು ಬಿಗಿಯುತ್ತದೆ. ಎರಡನೇ ಮಹಾಯುದ್ಧದಲ್ಲಿ ತಂಪು ದೇಶಗಳಿಂದ ಉಷ್ಣವಲಯಕ್ಕೆ ಬಂದ ಸೈನಿಕರ ಬೆನ್ನು, ಭುಜಗಳಲ್ಲಿ ದೊಡ್ಡ ಮೊಡವೆಗಳೆದ್ದು, ವೈದ್ಯರು ಅದಕ್ಕೆ ಉಷ್ಣವಲಯದ ಮೊಡವೆ ಎಂದೇ ಹೆಸರಿಟ್ಟರು.

ನಮ್ಮ ಸೀಮೆಯಲ್ಲಿ ಇದು ಎರಡು ಹಂತದಲ್ಲಿ ಬರುತ್ತದೆ. ಮಾರ್ಚ್, ಏಪ್ರಿಲ್‌ನ ಒಣ ಬಿಸಿಲು ಮೊದಲು. ಗದಗಿನ ಬಯಲಲ್ಲಿ ಅದರ ಬಿಸಿ ಜೋರು, ಆದರೆ ಬೆವರು ಬೇಗ ಆರುತ್ತದೆ. ಮೇ ಬಂದಂತೆ ಮಧ್ಯಾಹ್ನ ಮೋಡ ಕಟ್ಟಿ, ಗಾಳಿ ನಿಂತು, ಹುಬ್ಬಳ್ಳಿಯ ಮಾರುಕಟ್ಟೆ ಓಣಿಗಳಲ್ಲಿ ಉಸಿರುಗಟ್ಟುವ ಧಗೆ. ಅಲ್ಲಿಂದ ಮಳೆಗಾಲದುದ್ದಕ್ಕೂ, ಮಲೆನಾಡಿನ ಅಂಚಿನ ಧಾರವಾಡ, ಹಾನಗಲ್ಲುಗಳಲ್ಲಿ, ಗಾಳಿಯ ತೇವ ಇಳಿಯುವುದಿಲ್ಲ. ಹಾಗಾಗಿ ಬೇಸಿಗೆಯ ಆರೈಕೆ ಫೆಬ್ರುವರಿಯಲ್ಲೇ ಶುರುವಾಗಬೇಕು. ಹೆಚ್ಚಿನವರು ಜೂನ್‌ನಲ್ಲಿ ಶುರುಮಾಡುತ್ತಾರೆ.

ಈಗ ತೊಳೆಯುವ ವಿಷಯ. ಜಿಡ್ಡು ಕಂಡಾಗಲೆಲ್ಲ ಮಾರಿಗೆ ಸಾಬೂನು ಹಚ್ಚುವ ಅಭ್ಯಾಸ ನಮ್ಮಲ್ಲಿ ತುಂಬ ಇದೆ. ಆರೋಗ್ಯವಂತ ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ) 5ರ ಆಸುಪಾಸು, ಅಂದರೆ ಸ್ವಲ್ಪ ಆಮ್ಲೀಯ. ಮೈಗೆ ಹಚ್ಚುವ ಸಾಬೂನಿನದು 9ರಿಂದ 10, ಅಂದರೆ ಕ್ಷಾರೀಯ. ಪದೇ ಪದೇ ತೊಳೆದರೆ ಮೇಲ್ಪದರದ ರಕ್ಷಣೆ ಕಿತ್ತುಹೋಗಿ ಚರ್ಮ ಉರಿಯುತ್ತದೆ, ಮೊಡವೆಯ ಔಷಧಿಯನ್ನು ತಡೆದುಕೊಳ್ಳಲಾರದಂತಾಗುತ್ತದೆ. ಬೋರಿನ ಗಡಸು ನೀರಾದರೆ ಇನ್ನೂ ಕಷ್ಟ. ಅದರಲ್ಲಿನ ಕ್ಯಾಲ್ಸಿಯಂ ಸಾಬೂನಿನ ಜೊತೆ ಸೇರಿ, ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಪದರವನ್ನೇ ಚರ್ಮದ ಮೇಲೂ ಬಿಡುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಮಲಪ್ರಭೆಯ ನಳದ ನೀರು ಬಂದ ದಿನ ಕುಡಿಯಲು ತುಂಬಿಟ್ಟು, ಸ್ನಾನಕ್ಕೆ ಬೋರಿನ ನೀರು ಬಳಸುವ ಮನೆಗಳು ಎಷ್ಟಿಲ್ಲ! ಮುಖಕ್ಕೆ ಒಂದು ಚೊಂಬು ನಳದ ನೀರು ಎತ್ತಿಟ್ಟರೆ ಒಳ್ಳೆಯದು. ದಿನಕ್ಕೆ ಎರಡು ಸಲ, ಸಾಬೂನಿಲ್ಲದ ಸೌಮ್ಯ ಫೇಸ್‌ವಾಶ್‌ನಿಂದ, ಬೆರಳ ತುದಿಯಿಂದಷ್ಟೇ ತೊಳೆದರೆ ಸಾಕು. ಬೆಳಗಿನ ಜಾವ ಪೊಲೀಸ್ ನೇಮಕಾತಿಗೆಂದು ಓಡುವವರು, ಬೆವರು ಹರಿಯುವ ಕೆಲಸದವರು ಇನ್ನೊಮ್ಮೆ ಬರೀ ನೀರಿನಿಂದ ತೊಳೆದುಕೊಂಡು ಹಸಿ ಅಂಗಿ ಬದಲಿಸಲಿ. ಎಣ್ಣೆಯಲ್ಲಿ ಕರಗುವ ಸ್ಯಾಲಿಸಿಲಿಕ್ ಆಮ್ಲ ಕೊಳವೆಯೊಳಗೆ ಇಳಿಯಬಲ್ಲದು. ಶೇ 2ರವರೆಗಿನ ಫೇಸ್‌ವಾಶ್ ಜಿಡ್ಡು ಚರ್ಮಕ್ಕೆ ಹೊಂದುತ್ತದೆ. ನಿಂಬೆರಸ ಮಾತ್ರ ಬೇಡವೇ ಬೇಡ. ಅದು ಚರ್ಮಕ್ಕೆ ತೀರಾ ಹೆಚ್ಚು ಆಮ್ಲೀಯ, ಜೊತೆಗೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆ ಬೀಳಬಹುದು.

ಮುಖ ಜಿಡ್ಡಿದ್ದರೂ ಜೆಲ್‌ನಂಥ ತೆಳು ಮಾಯಿಶ್ಚರೈಸರ್ ಬೇಕು. ಔಷಧಿಯ ಒಣಗಿಸುವಿಕೆಯನ್ನು ಅದು ತಡೆಯುತ್ತದೆ.

ಮೊಡವೆಯ ಮೇಲೆ ನಿಜವಾಗಿ ಕೆಲಸ ಮಾಡುವ, ದಶಕಗಳಿಂದ ಪರೀಕ್ಷೆಗೊಳಗಾದ ಎರಡು ಹಚ್ಚುವ ಔಷಧಿಗಳಿವೆ. ಬೆಂಜಾಯಿಲ್ ಪೆರಾಕ್ಸೈಡ್ ಕೊಳವೆಯೊಳಗೆ ಆಮ್ಲಜನಕ ಬಿಡುಗಡೆ ಮಾಡುತ್ತದೆ. ಗಾಳಿಯನ್ನು ಸಹಿಸದ ಬ್ಯಾಕ್ಟೀರಿಯಾ ಸಾಯುತ್ತದೆ, ಆ್ಯಂಟಿಬಯಾಟಿಕ್‌ಗೆ ಒಗ್ಗಿಕೊಂಡಂತೆ ಅದು ಇದಕ್ಕೆ ಒಗ್ಗಿಕೊಳ್ಳುವುದಿಲ್ಲ. ಶೇ 2.5ರದ್ದು ಶೇ 10ರದ್ದರಷ್ಟೇ ಫಲ ಕೊಡುತ್ತದೆ, ಉರಿ ಮಾತ್ರ ಕಡಿಮೆ. ತಲೆದಿಂಬಿನ ಬಣ್ಣ ಹೋಗುತ್ತದೆ, ಬಿಳಿ ಗವಸು ಹಾಕಿಕೊಳ್ಳಿ. ಇನ್ನೊಂದು ಅಡಾಪಲಿನ್, ವಿಟಮಿನ್ ಎ ಕುಟುಂಬದ್ದು. ಕೋಶಗಳು ಅಂಟಿಕೊಳ್ಳದಂತೆ ನೋಡಿಕೊಂಡು ಮೊದಲ ತಡೆಯನ್ನೇ ಕಟ್ಟಲು ಬಿಡುವುದಿಲ್ಲ. ಅದಕ್ಕೇ ಅದನ್ನು ಎದ್ದ ಗುಳ್ಳೆಗಷ್ಟೇ ಚುಕ್ಕೆ ಇಡುವುದಲ್ಲ. ರಾತ್ರಿ, ಬಟಾಣಿ ಕಾಳಿನಷ್ಟು ತೆಗೆದುಕೊಂಡು, ಮೊಡವೆ ಬರುವ ಪೂರ್ತಿ ಜಾಗಕ್ಕೆ ತೆಳ್ಳಗೆ ಹಚ್ಚಬೇಕು. ಮೊದಲ ವಾರಗಳಲ್ಲಿ ಚರ್ಮ ಸುಲಿಯಬಹುದು, ಮೊಡವೆ ತುಸು ಹೆಚ್ಚಿದಂತೆಯೂ ಕಾಣಬಹುದು. ಆಗ ದಿನ ಬಿಟ್ಟು ದಿನ ಹಚ್ಚಿ. ಫಲ ನೋಡಲು 12 ವಾರ ಕೊಡಬೇಕು. ಬಸುರಿಯರು, ಬಸಿರಾಗಬೇಕೆಂದಿರುವವರು ಇದನ್ನು ಹಚ್ಚಬಾರದು.

ಹಣೆಯ ಮೇಲೆ ಎಲ್ಲವೂ ಒಂದೇ ಗಾತ್ರದ ಸಣ್ಣ ಗುಳ್ಳೆಗಳಾಗಿ, ತುರಿಕೆಯೂ ಇದ್ದರೆ ಅದು ಮೊಡವೆ ಆಗಿರಲಿಕ್ಕಿಲ್ಲ. ಮಲಸೀಜಿಯಾ ಎಂಬ ಶಿಲೀಂಧ್ರದ ಕೆಲಸವಿರಬಹುದು. ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳಲಾಗದ ಇದು ನಮ್ಮ ಚರ್ಮದ ಎಣ್ಣೆಯನ್ನೇ ನಂಬಿಕೊಂಡಿದೆ. ಬೆವರು, ಧಗೆ ಇದ್ದಲ್ಲಿ ಹುಲುಸು. ಆ್ಯಂಟಿಬಯಾಟಿಕ್ ತಿಂದರೆ ಇದು ಹೆಚ್ಚುತ್ತದೆ, ಶಿಲೀಂಧ್ರನಾಶಕಕ್ಕೆ ಇಳಿಯುತ್ತದೆ. ತಲೆಗೆ ದಿನವೂ ಎಣ್ಣೆ ಒತ್ತುವ ಮನೆಗಳಲ್ಲಿ ಹಣೆಯಂಚಿನ ಮುಚ್ಚಿದ ಗುಳ್ಳೆಗಳು ಬೇರೆ. ಅವು ಎಣ್ಣೆಯಿಂದಲೇ ಬರುತ್ತವೆ, 1970ರಷ್ಟು ಹಿಂದೆಯೇ ವೈದ್ಯರು ಅದನ್ನು ವರ್ಣಿಸಿದ್ದಾರೆ. ಅವ್ವ ಪ್ರೀತಿಯಿಂದ ಎಣ್ಣೆ ಹಚ್ಚುವುದನ್ನು ಬಿಡಿಸಬೇಕಿಲ್ಲ. ಸ್ನಾನಕ್ಕೆ ಒಂದು ತಾಸು ಮೊದಲು ಹಚ್ಚಿ, ತಲೆ ತೊಳೆದು, ಹಣೆಯನ್ನೂ ತೊಳೆದರೆ ಆಯಿತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಮೆಡಿಕಲ್ ಅಂಗಡಿಯ ಸಣ್ಣ ಟ್ಯೂಬು. "ಎರಡ ದಿನದಾಗ ಹೋಗ್ತೈತ್ರಿ" ಎಂದು ಕೊಡುತ್ತಾರೆ, ಹೋಗುತ್ತದೆ ಕೂಡ. ಒಳಗಿರುವುದು ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್‌ನಂಥ ಸ್ಟಿರಾಯ್ಡ್. ಅದು ಉರಿಯೂತವನ್ನು ಅಡಗಿಸುತ್ತದೆ, ರಕ್ತನಾಳಗಳನ್ನು ಬಿಗಿದು ಮುಖ ಬೆಳ್ಳಗಾದಂತೆ ತೋರಿಸುತ್ತದೆ. ಹನ್ನೆರಡು ವಾರ ಕಾಯಬೇಕಾದ ಔಷಧಿಯ ಎದುರು ಎರಡು ದಿನದ್ದು ಗೆಲ್ಲದೆ ಇರುತ್ತದೆಯೇ? ತಿಂಗಳುಗಟ್ಟಲೆ ಹಚ್ಚಿದ ಮೇಲೆ ಚರ್ಮ ತೆಳುವಾಗುತ್ತದೆ, ಕೆಂಪು ರಕ್ತನಾಳಗಳು ಕಾಣುತ್ತವೆ, ಹುಡುಗಿಯರ ಕೆನ್ನೆಯಲ್ಲಿ ಕೂದಲು ಬೆಳೆಯುತ್ತದೆ, ಸ್ಟಿರಾಯ್ಡ್‌ನಿಂದಲೇ ಹೊಸ ಮೊಡವೆ ಏಳುತ್ತವೆ. ಬಿಟ್ಟ ಕೂಡಲೇ ಮುಖ ಉರಿದು ಕೆಂಪಾಗುವುದರಿಂದ ಮತ್ತೆ ಅದನ್ನೇ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಹಾಗಿದ್ದರೂ ಚೀಟಿ ಕೇಳದೆ ಕೊಡುವುದು ನಡೆದೇ ಇದೆ. ಮದುವೆ ಗೊತ್ತಾದ ಹುಡುಗಿಯರಿಗೆ ಬೆಳ್ಳಗಾಗಲೆಂದು ಮನೆಯವರೇ ತಂದುಕೊಡುತ್ತಾರೆಂಬುದು ನೋವಿನ ಸಂಗತಿ. ಟ್ಯೂಬಿನ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ; ಹೆಸರಿನ ಕೊನೆಗೆ "ಸೋನ್", "ಸೋಲ್" ಇದ್ದರೆ ವೈದ್ಯರನ್ನು ಕೇಳದೆ ಹಚ್ಚಬೇಡಿ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ಒಮ್ಮೆಲೇ ನಿಲ್ಲಿಸದೆ ಚರ್ಮವೈದ್ಯರ ಬಳಿ ಹೋಗಿ.

ಊಟದ ಮಾತು ಸ್ವಲ್ಪ. ಕರಿದ ಎಣ್ಣೆ ಹೊಟ್ಟೆಯಿಂದ ಮುಖಕ್ಕೆ ಬರುವುದಿಲ್ಲ. ಆದರೆ ರಕ್ತದಲ್ಲಿ ಸಕ್ಕರೆಯನ್ನು ಬೇಗ ಏರಿಸುವ ಆಹಾರಕ್ಕೂ ಮೊಡವೆಗೂ ನಂಟಿದೆ. 2007ರಲ್ಲಿ ಆಸ್ಟ್ರೇಲಿಯಾದಲ್ಲಿ 43 ಯುವಕರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ, ಅಂಥ ಆಹಾರ ಕಡಿಮೆ ಮಾಡಿದವರ ಮೊಡವೆ ಹೆಚ್ಚು ಇಳಿಯಿತು. ಆ ಲೆಕ್ಕದಲ್ಲಿ ಗಿರಮಿಟ್‌ ಜೊತೆಗಿನ ಮಿರ್ಚಿಗಿಂತ ಗಿರಮಿಟ್‌ನ ಚುರಮುರಿಯ ಮೇಲೆ ಅನುಮಾನ ಪಡಬೇಕು, ದಿನವಿಡೀ ಕುಡಿಯುವ ಸಕ್ಕರೆ ಚಹಾದ ಮೇಲೂ. ಜಿಮ್‌ಗೆ ಹೋಗುವ ಹುಡುಗರು ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿ ಶುರುಮಾಡಿದ ಮೇಲೆ ಮೊಡವೆ ಹೆಚ್ಚಿದರೆ ಅದನ್ನು ಬಿಟ್ಟು ನೋಡಲಿ.

ಮೊಡವೆ ಆರಿದ ಮೇಲೆ ಉಳಿಯುವ ಕಂದು ಗುರುತು ನಮ್ಮಂಥ ಮೈಬಣ್ಣದವರಿಗೆ ಮೊಡವೆಗಿಂತ ಹೆಚ್ಚು ದಿನ ಕಾಡುತ್ತದೆ, ಬಿಸಿಲು ಅದನ್ನು ಕಪ್ಪಗಿಡುತ್ತದೆ. ಜೆಲ್ ರೂಪದ, ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಬೆಳಗ್ಗೆ ಎರಡು ಬೆರಳುದ್ದ ಹಚ್ಚಿ. ಗುರುತು ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಚಿವುಟಿದರೆ ಬೀಳುವ ಗುಳಿ ಹಾಗೆ ಹೋಗುವುದಿಲ್ಲ.

"ಮದುವಿ ಆದ್ಮ್ಯಾಲ ಹೊಕ್ಕಾವ ಬಿಡು" ಎಂದು ಕಾಯಿಸುವುದು ಎಲ್ಲರಿಗೂ ಹೊಂದುವ ಮಾತಲ್ಲ. ಒತ್ತಿದರೆ ನೋಯುವ ಆಳದ ಗಂಟುಗಳಿದ್ದರೆ, ಗುಳಿ ಬೀಳಲು ಶುರುವಾಗಿದ್ದರೆ ಎರಡು ತಿಂಗಳೂ ಕಾಯಬಾರದು. ಹುಬ್ಬಳ್ಳಿ, ಗದಗಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ತೋರಿಸಬಹುದು. ಅಂಥ ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಇದೆ. ಗರ್ಭದಲ್ಲಿನ ಕೂಸಿಗೆ ತೀವ್ರ ಹಾನಿ ಮಾಡುವುದರಿಂದ ವೈದ್ಯರ ನಿಗಾ ಇಲ್ಲದೆ ಅದನ್ನು ತಿನ್ನುವಂತಿಲ್ಲ. ಗದ್ದದ ಸುತ್ತ ಮೊಡವೆ ನಿಲ್ಲದೆ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದು, ಮುಖದ ಮೇಲೆ ಕೂದಲೂ ಹೆಚ್ಚಿದ್ದರೆ, ಹೆಣ್ಣುಮಕ್ಕಳಲ್ಲಿ ಹಾರ್ಮೋನು ಏರುಪೇರಾಗುವ ಪಿಸಿಓಎಸ್ ಎಂಬ ತೊಂದರೆ ಇರಬಹುದು. ಆಗ ಚರ್ಮದ ಚಿಕಿತ್ಸೆಯ ಜೊತೆಗೆ ಸ್ತ್ರೀರೋಗ ತಜ್ಞರ ತಪಾಸಣೆ, ಸಕ್ಕರೆಯ ರಕ್ತಪರೀಕ್ಷೆ ಎರಡೂ ಬೇಕು.